32 ಗುಬುಟಿನ ಸೈಟು: ದೊಡ್ಡವರು ಲೆಗೊ ಮನೆ ಕಟ್ಟುವುದು ಯಾಕೆ, ಹೇಗೆ?

ಅಣ್ಣನ ಮಗಳ ಹುಟ್ಟುಹಬ್ಬಕ್ಕೆ ಏನಾದರೂ ಕೊಳ್ಳೋಣ ಅಂತ ಆಟಿಕೆ ಅಂಗಡಿಗೆ ಹೋಗುತ್ತೀರಿ. ಮೇಲಿನ ಸಾಲಿನಲ್ಲಿ ದೊಡ್ಡ ದೊಡ್ಡ ಕಪ್ಪು ಡಬ್ಬಗಳು. ಮೇಲೆ ಒಂದು ಹೋಟೆಲಿನದೋ ಪುಸ್ತಕದಂಗಡಿಯದೋ ಚಿತ್ರ. ಮೂಲೆಯಲ್ಲಿ ‘18+’ ಎಂಬ ಗುರುತು. ಸಿನಿಮಾ ಪೋಸ್ಟರಿನ ಮೇಲೆ ಇರಬೇಕಾದ್ದು ಆಟಿಕೆ ಮೇಲೆ ಯಾಕಪ್ಪಾ ಬಂತು? ಬೆಲೆ ನೋಡಿದರೆ ಇನ್ನೂ ಗಾಬರಿ.

ಒಳಗಿರುವುದು ಬರೀ ಪ್ಲಾಸ್ಟಿಕ್ ಇಟ್ಟಿಗೆಗಳು. ಮಕ್ಕಳಿಗೆ ಕೊಡಬಾರದ್ದೇನೂ ಇಲ್ಲ. ‘ಇದು ನಿಮಗಾಗಿ’ ಎಂದು ದೊಡ್ಡವರನ್ನು ಕರೆಯುವುದಕ್ಕೆ ಲೆಗೊ ಕಂಪನಿ 2020ರಿಂದ ಹಾಕುತ್ತಿರುವ ಗುರುತು ಅದು. ಆಫೀಸು, ಇಎಂಐ, ಮೊಣಕಾಲು ನೋವು ಎಲ್ಲ ಇರುವ ಜನ ರಾತ್ರಿ ಊಟ ಮುಗಿಸಿ ಕೂತು ಈ ಕಟ್ಟಡಗಳನ್ನು ಕಟ್ಟುತ್ತಾರೆ. ಕಟ್ಟಿದ್ದನ್ನು ಬಿಚ್ಚಿ ತಮಗೆ ಬೇಕಾದ ಹಾಗೆ ಬದಲಾಯಿಸುತ್ತಾರೆ. ನಾನೂ ಆ ಪಂಗಡದವನೇ. ಮನೆಗೆ ಬಂದವರೆಲ್ಲ ‘ಇದು ಮಗುವಿನದಾ?’ ಎಂದು ಕೇಳುತ್ತಾರೆ. ಅವರಿಗೆ ನಿಂತಲ್ಲೇ ಕೊಡಲಾಗದ ಉತ್ತರವನ್ನು ಇಲ್ಲಿ ಕೂತು ಬರೆಯುತ್ತಿದ್ದೇನೆ.

ಇಟ್ಟಿಗೆ ಇಟ್ಟಿಗೆಯನ್ನು ಹಿಡಿಯುವುದು ಹೇಗೆ?

ಕಥೆ ಶುರುವಾಗುವುದು ಮರದಿಂದ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರು ಮಾಡಿದ. ನಮ್ಮ ಚನ್ನಪಟ್ಟಣದ ಬಂಡಿ, ಕುದುರೆಗಳ ಹಾಗೆ ಅವನ ಅಂಗಡಿಯಲ್ಲೂ ಎಳೆದಾಡುವ ಬಾತುಕೋಳಿಗಳಿದ್ದವು. ‘ಚೆನ್ನಾಗಿ ಆಡು’ ಎಂಬ ಅರ್ಥದ ಡ್ಯಾನಿಶ್ ಮಾತು ‘ಲೆಗ್ ಗೋತ್’. ಅದನ್ನು ಕೂಡಿಸಿ ‘ಲೆಗೊ’ ಆಯಿತು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಆದರೆ ಅವು ಒಂದಕ್ಕೊಂದು ಸರಿಯಾಗಿ ಕಚ್ಚುತ್ತಿರಲಿಲ್ಲ.

ಸರಿ ಹೋದದ್ದು 1958ರ ಜನವರಿ 28ಕ್ಕೆ ಅರ್ಜಿ ಹಾಕಿದ ಪೇಟೆಂಟಿನಿಂದ. ಇಟ್ಟಿಗೆಯ ಮೇಲೆ ಸಣ್ಣ ಗುಬುಟುಗಳಿರುತ್ತವಲ್ಲ, ಅವಕ್ಕೆ ಸ್ಟಡ್ ಅನ್ನುತ್ತಾರೆ. ಹೊಸದಾಗಿ ಸೇರಿದ್ದು ಇಟ್ಟಿಗೆಯ ಹೊಟ್ಟೆಯೊಳಗಿನ ಟೊಳ್ಳು ಕೊಳವೆ. ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಒಂದಿಷ್ಟೇ ಇಷ್ಟು ಬಾಗಿ ವಾಪಸ್ ಒತ್ತುತ್ತದೆ. ಸ್ಟೀಲ್ ಡಬ್ಬಿಯ ಮುಚ್ಚಳ ಹಾಗೇ ಅಲ್ವಾ? ಸಡಿಲವಾದರೆ ಬೀಳುತ್ತದೆ, ಬಿಗಿಯಾದರೆ ಅಮ್ಮ ಚಾಕು ತರಬೇಕು. ಎರಡರ ಮಧ್ಯದ ಆ ಹದವನ್ನು ಕೋಟಿಗಟ್ಟಲೆ ಇಟ್ಟಿಗೆಗಳಲ್ಲೂ ಕಾಪಾಡಬೇಕೆಂದರೆ ಅಚ್ಚಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು. 1963ರಿಂದ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಸುತ್ತಾರೆ. 1958ರ ಇಟ್ಟಿಗೆ ಇವತ್ತಿನ ಇಟ್ಟಿಗೆಗೆ ಕೂರುತ್ತದೆ. ಈ ಹವ್ಯಾಸ ನಿಂತಿರುವುದೇ ಅದರ ಮೇಲೆ. ಯಾವ ಡಬ್ಬದಿಂದ ಬಂದರೂ, ಯಾವ ಕಾಲದ್ದಾದರೂ, ತುಣುಕು ಕೆಲಸಕ್ಕೆ ಬರುತ್ತದೆ.

ಇನ್ನು ಅಳತೆ. ಸ್ವಲ್ಪ ಲೆಕ್ಕ ಇದೆ, ಸಹಿಸಿಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿಲಿಮೀಟರ್. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳು ಸಮ ದೂರದಲ್ಲಿರುವ ಹಾಗೆ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಇಟ್ಟಿಗೆಗಿಂತ ತೆಳ್ಳಗಿನ ತುಣುಕಿಗೆ ಪ್ಲೇಟ್ ಎಂದು ಹೆಸರು, ಅದು 3.2 ಮಿಲಿಮೀಟರ್. ನಾಲ್ಕು ಪಾವು ಒಂದು ಸೇರಾದ ಹಾಗೆ ಮೂರು ಪ್ಲೇಟು ಒಂದು ಇಟ್ಟಿಗೆ. ಮೇಲೆ ಗುಬುಟಿಲ್ಲದೆ ನುಣ್ಣಗಿರುವ ಪ್ಲೇಟಿಗೆ ಟೈಲ್ ಅನ್ನುತ್ತಾರೆ. ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆ ಕೊಟ್ಟರೆ ಎಷ್ಟು ಬಗೆಯಲ್ಲಿ ಜೋಡಿಸಬಹುದು ಗೊತ್ತಾ? 91,51,03,765 ಬಗೆ. ತೊಂಬತ್ತೊಂದು ಕೋಟಿಗೂ ಮೇಲೆ. ಆರೇ ಆರು ಇಟ್ಟಿಗೆಯಲ್ಲಿ!

1200 ಚದರಡಿಯ ಆಟಿಕೆ ಸೈಟು

ದೊಡ್ಡವರು ಹೆಚ್ಚಾಗಿ ಮುಗಿಬೀಳುವ ಕಟ್ಟಡಗಳ ಸಾಲಿಗೆ ‘ಮಾಡ್ಯುಲರ್ ಬಿಲ್ಡಿಂಗ್ಸ್’ ಎಂದು ಹೆಸರು. ಮೊದಲನೆಯದು ‘ಕೆಫೆ ಕಾರ್ನರ್’, 2007ರಲ್ಲಿ ಬಂತು, 2056 ತುಣುಕು. ವಿನ್ಯಾಸ ಮಾಡಿದ ಜೇಮಿ ಬೆರಾರ್ಡ್ ಕಂಪನಿ ಸೇರುವ ಮೊದಲು ನಮ್ಮ ನಿಮ್ಮ ಹಾಗೆ ಮನೆಯಲ್ಲಿ ಕೂತು ಕಟ್ಟುತ್ತಿದ್ದ ಹವ್ಯಾಸಿ. ಆಗ ಕಂಪನಿ 2003-04ರ ದೊಡ್ಡ ನಷ್ಟದಿಂದ ಚೇತರಿಸಿಕೊಳ್ಳುತ್ತಿತ್ತು. ದೊಡ್ಡವರೂ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂಬುದು ಅದಕ್ಕೆ ಮೆಲ್ಲಗೆ ಮನದಟ್ಟಾಗುತ್ತಿದ್ದ ಕಾಲ ಅದು. ಅಲ್ಲಿಂದ ಹೆಚ್ಚು ಕಡಿಮೆ ವರ್ಷಕ್ಕೊಂದು ಕಟ್ಟಡ ಬರುತ್ತಿದೆ: ಅಗ್ನಿಶಾಮಕ ಠಾಣೆ, ಚಿತ್ರಮಂದಿರ, ಪತ್ತೇದಾರನ ಕಚೇರಿ, ಬ್ಯಾಂಕು, ಪೊಲೀಸ್ ಠಾಣೆ, 2023ರಲ್ಲಿ ‘ಜಾಝ್ ಕ್ಲಬ್’. ಎಲ್ಲವೂ ಯುರೋಪ್, ಅಮೆರಿಕದ ಹಳೇ ಊರುಗಳ ಬೀದಿ ನೆನಪಿಸುವಂಥವು.

ಮಾಡ್ಯುಲರ್ ಅಂದರೆ ಏನು? ಸಾಮಾನ್ಯವಾಗಿ ಪ್ರತಿ ಕಟ್ಟಡವೂ 32 ಗುಬುಟು ಉದ್ದ, 32 ಗುಬುಟು ಅಗಲದ ಚೌಕದ ಮೇಲೆ ನಿಲ್ಲುತ್ತದೆ. ಅಂದರೆ 25.6 ಸೆಂಟಿಮೀಟರ್ ಚೌಕ. ಲೆಗೊ ಗೊಂಬೆಯ ಎತ್ತರ ಸುಮಾರು 4 ಸೆಂಟಿಮೀಟರ್. ಅದನ್ನು ಐದೂವರೆ ಅಡಿಯ ಮನುಷ್ಯ ಎಂದುಕೊಂಡು ಲೆಕ್ಕ ಹಾಕಿದೆ. ಚೌಕದ ಒಂದು ಬದಿ ಸುಮಾರು 35 ಅಡಿ ಆಗುತ್ತದೆ. ವಿಸ್ತೀರ್ಣ 1200 ಚದರಡಿ ಆಸುಪಾಸು. ಬೆಂಗಳೂರಿನವರು ಜೀವಮಾನವೆಲ್ಲ ಕನಸು ಕಾಣುವ 30×40 ಸೈಟು ಇಷ್ಟೇ! (ಗೊಂಬೆ ಗಿಡ್ಡ, ಡುಮ್ಮ. ಹಾಗಾಗಿ ಲೆಕ್ಕ ತೀರಾ ಪಕ್ಕಾ ಅಲ್ಲ, ಆದರೂ ನನಗೆ ಖುಷಿ ಕೊಟ್ಟಿತು.)

ಇಲ್ಲಿ ಸೆಟ್‌ಬ್ಯಾಕ್ ಬಿಡುವ ಗೋಜಿಲ್ಲ. ಹಳೇ ಪೇಟೆಯ ಮನೆಗಳ ಹಾಗೆ ಗೋಡೆಗೆ ಗೋಡೆ ಅಂಟಿಕೊಂಡು ನಿಲ್ಲುತ್ತವೆ. ಎರಡೂ ಪಕ್ಕದ ಬುಡದಲ್ಲಿ ತೂತಿರುವ ಇಟ್ಟಿಗೆ ಒಂದೇ ಜಾಗದಲ್ಲಿರುತ್ತದೆ. ಒಂದು ಪುಟ್ಟ ಪಿನ್ನು ತೂರಿಸಿದರೆ 2007ರ ಕಟ್ಟಡ 2023ರ ಕಟ್ಟಡಕ್ಕೆ ಸೇರಿಕೊಳ್ಳುತ್ತದೆ. ಫುಟ್‌ಪಾತ್ ಕೂಡ ಒಂದೇ ಮಟ್ಟ. (ನಮ್ಮ ಬೀದಿಯಲ್ಲಿ ಅದು ಇನ್ನೂ ಸಾಧ್ಯವಾಗಿಲ್ಲ.) ಮಹಡಿಗಳನ್ನು ಟಿಫಿನ್ ಕ್ಯಾರಿಯರಿನ ಹಾಗೆ ಒಂದೊಂದಾಗಿ ಎತ್ತಿ ತೆಗೆಯಬಹುದು. ಪ್ರತಿ ಮಹಡಿಯ ಗೋಡೆಯ ತಲೆಗೆ ನುಣ್ಣನೆ ಟೈಲ್ ಹಾಕಿ ಅಲ್ಲೊಂದು ಇಲ್ಲೊಂದು ಗುಬುಟು ಮಾತ್ರ ಬಿಟ್ಟಿರುತ್ತಾರೆ. ಹಿಡಿಯುವಷ್ಟು ಹಿಡಿತ, ಬಿಡುವಷ್ಟು ಸಡಿಲ.

ಹವ್ಯಾಸಿಗಳಿಗೆ ಬದಲಾವಣೆ ಮಾಡುವ ಧೈರ್ಯ ಕೊಟ್ಟದ್ದು ಈ ನಿಯಮಗಳೇ. ಬುಡದ ಅಳತೆ, ಪಿನ್ನಿನ ಜಾಗ, ಫುಟ್‌ಪಾತು ಇಷ್ಟನ್ನು ಪಾಲಿಸಿದರೆ ಸಾಕು. ಮೇಲೆ ಅರಮನೆ ಕಟ್ಟಿ, ದನದ ಕೊಟ್ಟಿಗೆ ಕಟ್ಟಿ, ಬೀದಿಯ ಸಾಲಿಗೆ ಅದು ಸೇರುತ್ತದೆ.

ಅವರಾಡುವ ಭಾಷೆ

ಈ ಜನರ ಮಾತು ಕೇಳಿದರೆ ಮೊದಲು ತಲೆಬುಡ ತಿಳಿಯುವುದಿಲ್ಲ. ‘ಎಎಫ್‌ಒಎಲ್’ ಎಂದರೆ ಅಡಲ್ಟ್ ಫ್ಯಾನ್ ಆಫ್ ಲೆಗೊ, ದೊಡ್ಡ ವಯಸ್ಸಿನ ಅಭಿಮಾನಿ. ಹೈಸ್ಕೂಲಿನಲ್ಲಿ ನಾಚಿಕೆಯಾಗಿ ಆಟಿಕೆಗಳನ್ನು ಅಟ್ಟಕ್ಕೆ ಹಾಕುತ್ತೇವಲ್ಲ, ಅಲ್ಲಿಂದ ಮತ್ತೆ ಕೈಗೆತ್ತಿಕೊಳ್ಳುವವರೆಗಿನ ವರ್ಷಗಳು ‘ಕತ್ತಲ ಕಾಲ’. ಪೂರ್ತಿ ಸ್ವಂತ ಕಲ್ಪನೆಯಿಂದ ಕಟ್ಟಿದ್ದು ‘ಮಾಕ್’, ಮೈ ಓನ್ ಕ್ರಿಯೇಷನ್ ಎಂಬುದರ ಮೊದಲಕ್ಷರಗಳು. ಕೊಂಡ ಸೆಟ್ಟನ್ನೇ ತಿದ್ದಿ ಬದಲಾಯಿಸಿದ್ದು ‘ಮಾಡ್’. ಕನ್ನಡದವರಿಗೆ ಇದು ಸುಲಭ, ‘ಮಾಡು’ ಅಂತ ನೆನಪಿಟ್ಟುಕೊಂಡರಾಯಿತು.

ಮಾಡ್, ಅಂದರೆ ಮಾಡು

ಬದಲಾವಣೆ ಶುರುವಾಗುವುದು ಸಾಮಾನ್ಯವಾಗಿ ಒಳಗಿನಿಂದ. ಕೆಫೆ ಕಾರ್ನರ್ ಒಳಗೆ ಏನೂ ಇರಲಿಲ್ಲ, ಬರೀ ಖಾಲಿ ಕೋಣೆ. ಕೊಂಡವರು ತಾವೇ ಮಂಚ, ಮೇಜು, ಒಲೆ ಮಾಡಿಕೊಂಡರು. ಮುಂದೆ ಬಂದ ಸೆಟ್ಟುಗಳಲ್ಲಿ ಒಳಾಂಗಣವೂ ತುಂಬಿಕೊಂಡು ಬರತೊಡಗಿತು. ಆಮೇಲೆ ಜನ ಕೂದಲಿನಷ್ಟು ಸಣ್ಣ ತಂತಿಯ ಎಲ್‌ಇಡಿ ದೀಪ ಎಳೆದರು, ಮಹಡಿ ಏರಿಸಿದರು, ಒಂದೇ ಸೆಟ್ಟನ್ನು ಎರಡು ಕೊಂಡು ಅಗಲ ಮಾಡಿದರು.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. 2018ರಲ್ಲಿ ‘ಡೌನ್‌ಟೌನ್ ಡೈನರ್’ ಎಂಬ ಸೆಟ್ ಬಂತು, 2480 ತುಣುಕು. ಕೆಳಗೆ 1950ರ ದಶಕದ ಅಮೆರಿಕದ ಧಾಟಿಯ ಹೋಟೆಲು, ಅದರ ಮೇಲೆ ಬಾಕ್ಸಿಂಗ್ ಜಿಮ್, ತುದಿಯಲ್ಲಿ ಹಾಡು ಧ್ವನಿಮುದ್ರಿಸುವ ಸ್ಟುಡಿಯೋ. ಎರಡು ವರ್ಷ ಅದನ್ನು ಹಾಗೇ ಇಟ್ಟಿದ್ದೆ. ಒಂದು ದಿನ ಅದು ದರ್ಶಿನಿ ಆಗಬೇಕು ಅನ್ನಿಸಿತು.

ಮೊದಲು ಕುರ್ಚಿ, ಸ್ಟೂಲು ಎಲ್ಲ ಕಿತ್ತೆ. ದರ್ಶಿನಿಯಲ್ಲಿ ಕೂರುವವರು ಯಾರು? ಸಣ್ಣ ಕಂಬದ ಮೇಲೆ ಎರಡು ಗುಬುಟಿನ ದುಂಡು ಟೈಲ್ ಇಟ್ಟರೆ ನಿಂತು ತಿನ್ನುವ ಟೇಬಲ್. ಒಂದು ಗುಬುಟಿನ ಬಿಳಿ ದುಂಡು ಟೈಲ್ ಇಡ್ಲಿ. ಅದೇ ಅಳತೆಯ ದುಂಡು ಪ್ಲೇಟಿನಲ್ಲಿ ನಡುವೆ ತೂತಿರುವ ಬಗೆಯೊಂದಿದೆ, ವಡೆಗೆಂದೇ ಮಾಡಿದ ಹಾಗಿದೆ. ಒಂದು ತುಣುಕನ್ನು ಅದರ ಮೂಲ ಕೆಲಸ ಬಿಟ್ಟು ಬೇರೆಯದಕ್ಕೆ ಬಳಸುವ ಈ ಚಾಳಿ ಕಂಪನಿಯ ವಿನ್ಯಾಸಕಾರರಿಗೂ ಉಂಟು. ಕೆಫೆ ಕಾರ್ನರಿನ ಮುಂಭಾಗದ ಅಲಂಕಾರಕ್ಕೆ ಬಳಸಿದ್ದು ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು. 2021ರ ಬೋನ್ಸಾಯ್ ಗಿಡದ ಸೆಟ್ಟಿನಲ್ಲಿ ಹೂವೆಂದು ಕಾಣುವುದು ನಿಜಕ್ಕೂ ಗುಲಾಬಿ ಬಣ್ಣದ ಕಪ್ಪೆಗಳು! ಮತ್ತೆ ನನ್ನ ದರ್ಶಿನಿಗೆ ಬರೋಣ. ಅದರ ಮೇಲಿನ ಮಹಡಿಯ ಬಾಕ್ಸಿಂಗ್ ಅಂಕಣದ ಹಗ್ಗ ಬಿಚ್ಚಿ, ನೆಲಕ್ಕೆ ಕೆಂಗಂದು ತುಣುಕು ಹರಡಿದೆ. ಗರಡಿಮನೆ ಆಯಿತು. ಧ್ವನಿಮುದ್ರಣದ ಕೋಣೆಯನ್ನು ಮುಟ್ಟಲಿಲ್ಲ. ದರ್ಶಿನಿಯ ಮೇಲೆ ಅಂಥದ್ದೊಂದು ಇದ್ದರೆ ಯಾರಿಗೇನು ತೊಂದರೆ?

ಕಷ್ಟವಾದದ್ದು ಬೋರ್ಡು. ಬೋರ್ಡಿನ ಅಕ್ಷರ ರಸ್ತೆ ಕಡೆ ಮುಖ ಮಾಡಬೇಕು. ಗುಬುಟುಗಳೋ ಆಕಾಶ ನೋಡುತ್ತಿರುತ್ತವೆ. ಅವನ್ನು ಪಕ್ಕಕ್ಕೆ ತಿರುಗಿಸಿ ಕಟ್ಟುವ ಜಾಣ್ಮೆಗೆ ‘ಸ್ನಾಟ್’ ಎಂದು ಹೆಸರು. ಸ್ಟಡ್ಸ್ ನಾಟ್ ಆನ್ ಟಾಪ್, ಅಂದರೆ ತಲೆ ಮೇಲೆ ಗುಬುಟು ಇಲ್ಲದ ಕಟ್ಟಣೆ. ಇದಕ್ಕೆಂದೇ ಪಕ್ಕಕ್ಕೆ ಗುಬುಟಿರುವ ತುಣುಕುಗಳಿವೆ. ಮೊದಲು ಕಾರಿನ ದೀಪ ಸಿಕ್ಕಿಸಲು ಮಾಡಿದ್ದರಿಂದ ಒಂದಕ್ಕೆ ಇಂದಿಗೂ ಹೆಡ್‌ಲೈಟ್ ಇಟ್ಟಿಗೆ ಎಂದೇ ಹೆಸರು. ಆಗ ಹೇಳಿದ ಲೆಕ್ಕ ಈಗ ಕೆಲಸಕ್ಕೆ ಬರುತ್ತದೆ. ಐದು ಪ್ಲೇಟು ಪೇರಿಸಿದರೆ 16 ಮಿಲಿಮೀಟರ್. ಎರಡು ಗುಬುಟಿನ ಅಗಲವೂ 16 ಮಿಲಿಮೀಟರ್. ಹಾಗಾಗಿ ಅಡ್ಡ ಮಲಗಿಸಿದ ಐದು ಪ್ಲೇಟು ನಿಂತ ಗೋಡೆಯ ಎರಡು ಗುಬುಟಿನ ಜಾಗದಲ್ಲಿ ಸಂದಿಲ್ಲದೆ ಕೂರುತ್ತದೆ. ಕಟ್ಟಡಗಳ ಮುಂಭಾಗದ ಚೆಂದವೆಲ್ಲ ಹೆಚ್ಚಾಗಿ ಈ ಐದಕ್ಕೆರಡರ ಲೆಕ್ಕದಿಂದಲೇ ಹುಟ್ಟುವುದು.

ಆದರೂ ಕನ್ನಡ ಅಕ್ಷರ ಬರೆಯುವುದು ಸುಲಭವಲ್ಲ. ಇಂಗ್ಲಿಷಿನ ಹೆಚ್, ಟಿ, ಇ ಎಲ್ಲ ನೇರ ಗೆರೆಯವು, ಚೌಕದ ತುಣುಕಿಗೆ ಹೇಳಿ ಮಾಡಿಸಿದ ಹಾಗೆ. ನಮ್ಮವು ಎಲ್ಲ ದುಂಡು. ‘ಕಾಫಿ’ ಎಂದು ಬರೆಯಲು ಹೋಗಿ ನಾಲ್ಕು ಸಂಜೆ ಕಳೆದೆ. ಒಂದು ಗುಬುಟಿನ ಕಾಲು ವೃತ್ತದ ಟೈಲ್ ಸಿಕ್ಕ ಮೇಲೆ ‘ಕ’ ದಾರಿಗೆ ಬಂತು. ‘ಫಿ’ ಈಗಲೂ ‘ಘಿ’ ಥರ ಕಾಣುತ್ತದೆ. ತಾಳ್ಮೆ ಇಲ್ಲದವರು ಸ್ಟಿಕರ್ ಅಂಟಿಸುತ್ತಾರೆ, ಅದೇನು ಅಪರಾಧ ಅಲ್ಲ.

ಅಪರಾಧ ಎಂದದ್ದಕ್ಕೆ ನೆನಪಾಯಿತು. ಈ ಲೋಕದಲ್ಲಿ ‘ಇಲ್ಲೀಗಲ್’ ಜೋಡಣೆ ಎಂಬುದೊಂದಿದೆ. ಪೊಲೀಸರು ಬರುವುದಿಲ್ಲ. ಕೂರುವ ಹಾಗೆ ಕಂಡರೂ ತುಣುಕಿನ ಮೇಲೆ ಒತ್ತಡ ಹಾಕುವ ಜೋಡಣೆ ಅದು. ಎರಡು ಗುಬುಟುಗಳ ಮಧ್ಯದ ಸಂದು 3.2 ಮಿಲಿಮೀಟರ್, ಪ್ಲೇಟಿನ ದಪ್ಪವೂ ಅಷ್ಟೇ. ಪ್ಲೇಟನ್ನು ಆ ಸಂದಿಗೆ ತುರುಕಿದರೆ ಹೋಗುತ್ತದೆ, ಆದರೆ ಉಸಿರಾಡಲು ಜಾಗವಿಲ್ಲ. ಕಾಲಕ್ರಮೇಣ ತುಣುಕು ಬಿರುಕು ಬಿಡಬಹುದು. ಬೆರಾರ್ಡ್ 2006ರಲ್ಲಿ ಹವ್ಯಾಸಿಗಳ ಮುಂದೆ ಇದನ್ನೇ ವಿವರಿಸಿದ್ದ. ಕಂಪನಿಯ ಸೆಟ್ಟುಗಳಲ್ಲಿ ಇಂಥದ್ದಕ್ಕೆ ಅವಕಾಶವಿಲ್ಲ. ಮನೆಯಲ್ಲಿ ಕಟ್ಟುವವರು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಬಣ್ಣ ಬಳಿಯಬಹುದೇ, ತುಣುಕು ಕತ್ತರಿಸಬಹುದೇ ಎಂಬ ಜಗಳ ಬೇರೆ ಇದೆ. ಮಡಿವಂತರು ಕೂಡದು ಅನ್ನುತ್ತಾರೆ.

ದೊಡ್ಡವರಿಗೆ ಇದರಲ್ಲೇನು ಸುಖ ಎಂದು ಕೇಳುವವರು ದಸರಾ ಗೊಂಬೆ ಕೂರಿಸುವ ಮನೆಗೊಮ್ಮೆ ಹೋಗಿ ನೋಡಬೇಕು. ಮೆಟ್ಟಿಲ ಮೇಲಿನ ಪಟ್ಟದ ಗೊಂಬೆಗಳು ವರ್ಷಾ ವರ್ಷ ಅವೇ. ಪಕ್ಕದ ನೆಲದಲ್ಲಿ ಮಾಡುವ ಪಾರ್ಕು, ಹಳ್ಳಿ, ಸಂತೆ ಮಾತ್ರ ಪ್ರತಿ ವರ್ಷ ಬೇರೆ. ರಾಗಿ ಪೈರು ಬೆಳೆಸಿ ಗದ್ದೆ ಮಾಡುತ್ತಾರೆ, ಕನ್ನಡಿ ಇಟ್ಟು ಕೆರೆ ಮಾಡುತ್ತಾರೆ. ಅದನ್ನು ಮಾಡುವವರು ಮಕ್ಕಳಲ್ಲ, ಅಜ್ಜಿಯರು. ಸೆಟ್ಟು ಪಟ್ಟದ ಗೊಂಬೆ ಇದ್ದ ಹಾಗೆ, ಮಾಡ್ ಪಕ್ಕದ ಪಾರ್ಕು.

ಬೇಕಾದ ತುಣುಕು ಸಿಗುವುದೆಲ್ಲಿ?

ಹಳೇ ಬೆಂಗಳೂರಿನ ಮಂಕಿ ಟಾಪ್ ಬಂಗಲೆ ಕಟ್ಟಬೇಕು ಎಂದುಕೊಳ್ಳಿ. ಕಿಟಕಿಯ ಮೇಲೆ ಚೂಪಾಗಿ ಮುಂದಕ್ಕೆ ಬರುವ ಮರದ ಪಟ್ಟಿಯ ಟೋಪಿ ಇರುತ್ತದಲ್ಲ, ಆ ಮನೆ. ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ ನೋಡುತ್ತಾರೆ. ‘ಸ್ಟುಡಿಯೋ’ ಎಂಬ ಉಚಿತ ತಂತ್ರಾಂಶದಲ್ಲಿ ತುಣುಕು ಎಳೆದು ಜೋಡಿಸಬಹುದು. ಒಂದಕ್ಕೊಂದು ಡಿಕ್ಕಿ ಹೊಡೆದರೆ ಅದೇ ಹೇಳುತ್ತದೆ. ಕೊನೆಗೆ ಯಾವ ತುಣುಕು, ಯಾವ ಬಣ್ಣ, ಎಷ್ಟು ಎಂಬ ಪಟ್ಟಿ ಕೊಡುತ್ತದೆ, ದಿನಸಿ ಚೀಟಿಯ ಹಾಗೆ. ರೆಡ್ ಆಕ್ಸೈಡ್ ನೆಲಕ್ಕೆ ಕಡುಗೆಂಪು ಟೈಲ್ ಇಷ್ಟು, ಜಾಲರಿಗೆ ಬೇಲಿಯ ತುಣುಕು ಇಷ್ಟು.

ಚೀಟಿ ಹಿಡಿದು ಹೋಗುವ ಸಂತೆ ‘ಬ್ರಿಕ್‌ಲಿಂಕ್’. 2000ದಲ್ಲಿ ಒಬ್ಬ ಹವ್ಯಾಸಿ ಶುರು ಮಾಡಿದ ಈ ಆನ್‌ಲೈನ್ ಮಾರುಕಟ್ಟೆಯನ್ನು 2019ರಲ್ಲಿ ಲೆಗೊ ಕಂಪನಿಯೇ ಕೊಂಡಿತು. ಜಗತ್ತಿನ ನಾನಾ ಕಡೆಯ ಸಣ್ಣ ಮಾರಾಟಗಾರರು ಅಲ್ಲಿ ತುಣುಕುಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಬೆಲೆ ಎಷ್ಟೋ ಸಲ ತುಣುಕಿನ ಗಾತ್ರಕ್ಕಿಂತ ಬಣ್ಣದ ಮೇಲೆ ನಿಂತಿರುತ್ತದೆ. ಕೆಂಪು ಇಟ್ಟಿಗೆ ಅಗ್ಗ. ಅಪರೂಪದ ಮಂಕು ಹಸಿರಿನ ಅದೇ ಇಟ್ಟಿಗೆ ಹತ್ತಾರು ಪಟ್ಟು.

ಭಾರತದಲ್ಲಿ ಕುಳಿತವರಿಗೆ ಇಲ್ಲೊಂದು ತೊಡಕು. ಆಮದು ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ದೇಶದೊಳಗಿನ ಆಟಿಕೆ ಉದ್ಯಮಕ್ಕೆ ಬಲ ಕೊಡುವುದು ಇದರ ಉದ್ದೇಶ. ಹವ್ಯಾಸಿಯ ಲೆಕ್ಕದಲ್ಲಿ ಮಾತ್ರ ಡಬ್ಬದ ಬೆಲೆ ಏರಿತು, ಹೊರಗಿನಿಂದ ಪೊಟ್ಟಣ ತರಿಸುವುದು ದುಬಾರಿಯಾಯಿತು. ಆದ್ದರಿಂದ ಅಮೆರಿಕದಿಂದ ರಜೆಗೆ ಬರುವ ತಮ್ಮನಿಗೋ ಭಾವನಿಗೋ ‘ಸೂಟ್‌ಕೇಸಿನಲ್ಲಿ ಒಂಚೂರು ಜಾಗ ಇದೆಯಾ?’ ಎಂದು ಕೇಳುವ ಸಂಪ್ರದಾಯ ಬೆಳೆದಿದೆ.

ಬೇರೆ ಕಂಪನಿಗಳ ಇಟ್ಟಿಗೆಯೂ ಇದೆ. ಮೂಲ ಪೇಟೆಂಟಿನ ಅವಧಿ ಯಾವತ್ತೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲಾಗದು ಎಂದು ಯುರೋಪಿನ ನ್ಯಾಯಾಲಯ 2010ರಲ್ಲಿ ಹೇಳಿತು. ಹಾಗಾಗಿ ಲೆಗೊಗೆ ಹೊಂದುವ ಇಟ್ಟಿಗೆ ಮಾಡುವುದು ತಪ್ಪಲ್ಲ. ಲೆಗೊ ಸೆಟ್ಟಿನ ವಿನ್ಯಾಸವನ್ನೇ ನಕಲು ಮಾಡಿ ಡಬ್ಬದಲ್ಲಿ ಹಾಕಿ ಮಾರುವುದು ಬೇರೆ ಮಾತು. ಕೊಳ್ಳುವಾಗ ಈ ಎರಡನ್ನೂ ಗುರುತಿಸಬೇಕು.

ನಿಂತುಹೋದ ಸೆಟ್ಟು, ಏರುವ ಬೆಲೆ

ಒಂದು ಕಟ್ಟಡ ಕೆಲವು ವರ್ಷ ಮಾರಾಟವಾಗಿ ನಿಂತುಹೋಗುತ್ತದೆ. ಆಮೇಲೆ ಬಿಚ್ಚದ ಡಬ್ಬದ ಬೆಲೆ ಏರುತ್ತದೆ. ಇದನ್ನು ನೋಡಿ ಚಿನ್ನದ ಬದಲು ಲೆಗೊ ಕೊಂಡಿಡುವವರೂ ಇದ್ದಾರೆ. ಅವರಿಗೆ ತಾಜ್ ಮಹಲಿನ ಕಥೆ ಹೇಳಬೇಕು. 2008ರಲ್ಲಿ 5922 ತುಣುಕಿನ ತಾಜ್ ಮಹಲ್ ಬಂತು, ಆಗ ಕಂಪನಿಯ ಅತಿ ದೊಡ್ಡ ಸೆಟ್ ಅದೇ. ನಿಂತುಹೋದ ಮೇಲೆ ಬೆಲೆ ಎಲ್ಲೆಲ್ಲಿಗೋ ಹೋಯಿತು. 2017ರಲ್ಲಿ ಕಂಪನಿ ಹೇಳದೆ ಕೇಳದೆ ಅದೇ ತಾಜ್ ಮಹಲನ್ನು 5923 ತುಣುಕಿನಲ್ಲಿ ಮತ್ತೆ ತಂದಿತು. ಒಂದೇ ಒಂದು ತುಣುಕು ಹೆಚ್ಚು! ಅಟ್ಟದ ಮೇಲಿನ ಹಳೇ ಡಬ್ಬಗಳ ಬೆಲೆ ಕುಸಿಯಿತು.

ಧೂಳು, ಬಿಸಿಲು ಮತ್ತು ಹಲ್ಲಿ

ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟ. ಗುಬುಟುಗಳ ಮಧ್ಯೆ ಧೂಳು ಕೂರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಹೋಗದು. ಮೆತ್ತನೆಯ ಪೇಂಟ್ ಬ್ರಶ್ಶೇ ಗತಿ. ತೊಳೆಯುವುದಾದರೆ ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬೇಕು. 40 ಡಿಗ್ರಿ ದಾಟಿದರೆ ತುಣುಕು ಸೊಟ್ಟಗಾಗಬಹುದು. ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಲೇಬೇಡಿ. ಬಿಸಿಲಿನ ನೇರಳಾತೀತ ಕಿರಣ ತಾಕಿ ಬಿಳಿ ಗೋಡೆ ಹಳದಿಗಟ್ಟುತ್ತದೆ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ನೆನೆಸಿದರೆ ಒಂದಿಷ್ಟು ಮಟ್ಟಿಗೆ ಮರಳಿ ಬೆಳ್ಳಗಾಗುತ್ತದೆ, ಆದರೆ ಅದು ಶಾಶ್ವತವಲ್ಲ.

ಯಾವ ಕೈಪಿಡಿಯಲ್ಲೂ ಬರೆದಿಲ್ಲದ ಸಮಸ್ಯೆಯೊಂದು ನನ್ನ ಮನೆಯಲ್ಲಿ ಎದುರಾಯಿತು. ‘ಅಸೆಂಬ್ಲಿ ಸ್ಕ್ವೇರ್’ ಎಂಬ 4002 ತುಣುಕಿನ ಕಟ್ಟಡದಲ್ಲಿ ಬೇಕರಿ, ಹೂವಿನಂಗಡಿ, ನೃತ್ಯಶಾಲೆ ಜೊತೆಗೆ ಒಂದು ದಂತವೈದ್ಯರ ಕ್ಲಿನಿಕ್ಕೂ ಇದೆ. ಆರು ತಿಂಗಳ ಮೇಲೆ ಧೂಳು ಹೊಡೆಯಲು ಮಹಡಿ ಎತ್ತಿದೆ. ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕ ಎರಡು ಬಿಳಿ ಮೊಟ್ಟೆ. ಹಲ್ಲಿಯವು. ಹಲ್ಲಿಗೆ ಬೋರ್ಡು ಓದಲು ಬರುತ್ತದೆಯೋ ಏನೋ. ಮಹಡಿಯನ್ನು ಮೆಲ್ಲಗೆ ಹಾಗೇ ಮುಚ್ಚಿಟ್ಟೆ.